ನಕ್ಷೆಯಲ್ಲಿ ಕಂಡ ನಾಲ್ಕನೆಯವಳು

ಎರಡು ವರ್ಷದ ಹಿಂದಿನ ಮಾತಿದು. ನಾಗಪಂಚಮಿಗೆ ಇನ್ನು ಮೂರೇ ದಿನ ಉಳಿದಿತ್ತು. ಬೆಳಿಗ್ಗೆ ಶೇಂಗಾ ಹುರಿದಿಟ್ಟು, ಉಂಡಿ ಕಟ್ಟಲೆಂದು ಬೆಲ್ಲದ ಪಾಕ ಒಲೆಯ ಮೇಲಿಟ್ಟಿದ್ದೆ. ಅಷ್ಟರಲ್ಲಿ ನಮ್ಮ ಮನೆಯವರ ಮೊಬೈಲಿಗೆ ತಾಲೂಕು ಕಚೇರಿಯಿಂದ ಫೋನು ಬಂತು.

“ನಿಮ್ಮ ಕಡೆ ಡ್ರೋನ್ ಐತಿ ಅಲ್ರಿ? ಸರ್ಕಾರದ್ದು ಹುಕ್ಕೇರಿ ಕಡೆ ಹೋಗೈತಿ. ಗೋಕಾಕ ಸೇತುವಿ ಮ್ಯಾಲ ನೀರ ಬಂದೈತಿ, ಅದು ಇತ್ತ ಬರಾಕ ಆಗವಲ್ದು. ನಿಮ್ಮದ ತಗೊಂಡ ಲಗೂನ ಬರ್ರಿ.”

ನಾವು ಮೂಡಲಗಿಯಲ್ಲಿ ಒಂದು ಸಣ್ಣ ಫೋಟೋ ಸ್ಟುಡಿಯೋ ನಡೆಸುತ್ತೇವೆ. ನಮ್ಮ ಮನೆಯವರು, ಬಸವರಾಜ, ಮದುವೆ ಮುಂಜಿಗಳ ಫೋಟೋ ತೆಗೆಯುತ್ತಾರೆ. ನಾನು ಕಂಪ್ಯೂಟರಿನಲ್ಲಿ ಆಲ್ಬಮ್ ಮಾಡುತ್ತೇನೆ. ಡ್ರೋನ್ ತಂದಿದ್ದು ಮದುವೆಯ ಮೆರವಣಿಗೆಗಾಗಿ. ಮದುವೆಗೆ ಮೊದಲು ಜೋಡಿಗಳನ್ನು ಧುಪದಾಳದ ಕಡೆ ಕರೆದೊಯ್ದು, ನೀರಿನ ಹಿನ್ನೆಲೆಯಲ್ಲಿ ವಿಡಿಯೋ ತೆಗೆಯುವುದಕ್ಕೂ ಅದು ಬೇಕಾಗುತ್ತಿತ್ತು. ಅಂಥ ಡ್ರೋನಿಗೆ ತಾಲೂಕು ಕಚೇರಿಯಲ್ಲಿ ಏನು ಕೆಲಸ ಎಂದು ನನಗೆ ತಿಳಿಯಲೇ ಇಲ್ಲ.

ನಮ್ಮ ಊರಲ್ಲಿ ಆಗ ಅಂಥ ದೊಡ್ಡ ಮಳೆಯೇನೂ ಇರಲಿಲ್ಲ. ಜೋರು ಗಾಳಿ, ಆಗಾಗ ಒಂದೊಂದು ಸರಿ ಮಳೆ, ಅಷ್ಟೇ. ಆದರೆ ಘಟ್ಟದ ಕಡೆ ವಾರದಿಂದ ಬಿಡದೆ ಸುರಿದಿತ್ತು. ಅಣೆಕಟ್ಟು ತುಂಬಿ ನೀರು ಬಿಟ್ಟಿದ್ದರು. ಘಟಪ್ರಭೆ ದಂಡೆ ಬಿಟ್ಟು ತೋಟಗಳಿಗೆ ನುಗ್ಗಿದ್ದಳು. ಹುಕ್ಕೇರಿಯಲ್ಲಿ ನನ್ನ ತವರು. “ಈ ಸಲ ಪಂಚಮಿಗಿ ಬರಬ್ಯಾಡ, ಹಾದಿಗೋಳೆಲ್ಲಾ ಬಂದ್ ಆಗ್ಯಾವ” ಎಂದು ಅಣ್ಣ ಹಿಂದಿನ ದಿನವೇ ಫೋನ್ ಮಾಡಿದ್ದ. ಬಾಗಿಲಿಗೆ ಬಂದು ನೋಡಿದರೆ ಅಂಗಳ ಬರೀ ಒದ್ದೆ. ಐದಾರು ಮೈಲಿ ಆಚೆ ಮನೆಗಳು ಮುಳುಗುತ್ತಿವೆ ಎಂದರೆ ನಂಬಲು ಕಷ್ಟವಾಗುತ್ತಿತ್ತು.

ನಮ್ಮ ಮನೆಯವರು ಡ್ರೋನ್ ತೆಗೆದುಕೊಂಡು ಹೊಳೆಯ ಕಡೆ ಹೋದರು. ನಾನು ಒಲೆ ಆರಿಸಿ ಸ್ಟುಡಿಯೋಕ್ಕೆ ಬಂದಿದ್ದೆ. ಮಧ್ಯಾಹ್ನಕ್ಕೆ ಮುಂಚೆಯೇ ಅವರು ಅಲ್ಲಿಗೆ ವಾಪಸ್ಸು ಬಂದರು. ಜೊತೆಗೆ ಸರ್ವೆ ಇಲಾಖೆಯ ಮುಲ್ಲಾ ಸರ್ ಇದ್ದರು. ಹೊಲಗಳ ಅಳತೆ ಮಾಡುವವರು. ಐವತ್ತರ ಮೇಲಿನ ವಯಸ್ಸು, ತೊಯ್ದು ತೊಪ್ಪೆಯಾದ ಅಂಗಿ, ಕೈಯಲ್ಲಿ ಒಂದು ಲ್ಯಾಪ್‌ಟಾಪ್.

“ಅಕ್ಕಾರ, ನಂದು ಈ ಲ್ಯಾಪ್‌ಟಾಪ್ ಭಾಳ ನಿಧಾನ ಐತಿ. ನಿಮ್ಮ ಆಲ್ಬಮ್ ಮಾಡೂ ಕಂಪ್ಯೂಟರ್ ಬೇಕಾಗೇತ್ರಿ. ನೀವೂ ಬೇಕಾಗೀರಿ” ಎಂದರು.

ನನಗೆ ಏನೂ ಅರ್ಥವಾಗಲಿಲ್ಲ. ಅವರು ಕುರ್ಚಿ ಎಳೆದುಕೊಂಡು ಕೂತು ಹೇಳಿದರು. ಡ್ರೋನು ಹೊಲದಲ್ಲಿ ನೇಗಿಲು ಹೊಡೆದ ಹಾಗೆ ಅತ್ತಿಂದಿತ್ತ ಇತ್ತಿಂದತ್ತ ಹಾರಿ ನೂರಾರು ಫೋಟೋ ತೆಗೆದಿದೆ. ಆ ಫೋಟೋಗಳನ್ನೆಲ್ಲ ಅಂಚಿಗೆ ಅಂಚು ಕೂಡಿಸಿ ಒಂದೇ ದೊಡ್ಡ ಚಿತ್ರ ಮಾಡಬೇಕು. ಅದರ ಮೇಲೆ ಹೊಲಗಳ ಸರ್ವೆ ನಂಬರಿನ ಗೆರೆ ಕೂಡಿಸಿದರೆ ಅದೇ ನಕ್ಷೆ. ಯಾವ ಮನೆಯ ಸುತ್ತ ನೀರು ನಿಂತಿದೆ, ಮಾಳಿಗೆ ಮೇಲೆ ಎಷ್ಟು ಮಂದಿ ಇದ್ದಾರೆ ಎಂದು ಗುರುತು ಹಾಕಿ ಕಳಿಸಿದರೆ ಜನರನ್ನು ಕರೆತರಲು ಬಂದ ಬೋಟಿನವರ ಮೊಬೈಲಿಗೆ ಲೊಕೇಶನ್ ಹೋಗುತ್ತದೆ.

“ನೀರಾಗ ಸಿಕ್ಕೊಂಡವರು ಫೋನ್ ಮಾಡಿ ಹೇಳೂದಿಲ್ಲೇನ್ರಿ ಸರ್, ಎಲ್ಲಿ ಅದೇವಿ ಅಂತ?” ಎಂದು ಕೇಳಿದೆ.

“ಹೇಳ್ತಾರ. ಹೊಳಿ ದಂಡಿ ತೋಟದಾಗ ಅದೇವ್ರಿ, ಬೇವಿನ ಗಿಡದ ಬಾಜೂ ಮನಿ ಅಂತಾರ. ಬೇವಿನ ಗಿಡ ಇಲ್ಲದ ತೋಟ ಯಾವದೈತಿ ಅಕ್ಕಾರ? ಬೋಟಿನವರು ಹೊರಗಿನವರು. ಹಾದಿ ಇಲ್ಲ, ಬದು ಇಲ್ಲ. ಅವರಿಗಿ ಕಾಣೂದ ಬರೇ ಕಬ್ಬಿನ ಸುಳಿ.”

ಕೆಲಸಕ್ಕೆ ಕೂತೆ. ನಾನು ಓದಿದ್ದು ಪಿಯುಸಿ. ಆದರೆ ಫೋಟೋ ಕೂಡಿಸುವುದರಲ್ಲಿ ನನ್ನ ಕೈ ಪಳಗಿದೆ. ಮದುವೆಯ ಗುಂಪು ಫೋಟೋಕ್ಕೆ ಬರಲಾಗದ ಸೋದರಮಾವನನ್ನು ಬೇರೆ ಫೋಟೋದಿಂದ ತಂದು ಹಿಂದಿನ ಸಾಲಿನಲ್ಲಿ ನಿಲ್ಲಿಸಿದ್ದೇನೆ, ಯಾರಿಗೂ ಗೊತ್ತಾಗಿಲ್ಲ. ಇಲ್ಲಿ ಮಾತ್ರ ಕೂಡಿಸುವ ಕೆಲಸ ಮುಲ್ಲಾ ಸರ್ ತಂದ ಸಾಫ್ಟ್‌ವೇರೇ ಮಾಡುತ್ತಿತ್ತು. ಕರೆಂಟು ಹೋಗಿತ್ತು, ಇನ್ವರ್ಟರ್ ಮೇಲೆ ಕಂಪ್ಯೂಟರ್ ನಡೆದಿತ್ತು. ಪರದೆಯ ಮೇಲೆ ಚೂರು ಚೂರಾಗಿ ಹೊಳೆ ಮೂಡತೊಡಗಿತು. ಕೆಂಪು ನೀರು, ಹಸಿರು ಕಬ್ಬು, ನಡುನಡುವೆ ಬೆಂಕಿಪೆಟ್ಟಿಗೆಯಂಥ ಮನೆಗಳು. ನಮ್ಮ ಮನೆಯವರು ಅಷ್ಟರಲ್ಲಿ ಮತ್ತೆ ಹೊಳೆಯ ದಂಡೆಗೆ ಹೋಗಿದ್ದರು. ಬೋಟಿನವರ ಜೊತೆ ಅವರು, ನನ್ನ ಜೊತೆ ಮುಲ್ಲಾ ಸರ್. ಮಳೆ ಮತ್ತೆ ಶುರುವಾಗಿದ್ದರಿಂದ ಇನ್ನೊಮ್ಮೆ ಡ್ರೋನ್ ಹಾರಿಸುವ ಹಾಗಿರಲಿಲ್ಲ.

ಹಿಗ್ಗಿಸಿ ಹಿಗ್ಗಿಸಿ ನೋಡುತ್ತಾ ಮನುಷ್ಯರು ಕಂಡಲ್ಲೆಲ್ಲ ಕೆಂಪು ಚುಕ್ಕೆ ಇಟ್ಟೆ. ಐದು ಮನೆಗಳ ಮೇಲೆ ಜನ ಕಂಡರು. ಐದನೆಯ ಮನೆ ಹೊಳೆಗೆ ತೀರ ಹತ್ತಿರ. ಸ್ಲ್ಯಾಬಿನ ಮೇಲೆ ನೀರಿನ ಟ್ಯಾಂಕು, ಅದರ ಪಕ್ಕ ಹಳದಿ ಸೀರೆಯ ಒಬ್ಬ ಹೆಂಗಸು. ಮೆಟ್ಟಿಲ ಹತ್ತಿರ ಒಬ್ಬ ಗಂಡಸು, ಅವನ ಪಕ್ಕ ಕೂತ ಒಬ್ಬ ಮುದುಕಿ. ಸ್ಲ್ಯಾಬಿಗೆ ಅಂಟಿಕೊಂಡಂತೆ ದನದ ಶೆಡ್ಡು. ಅದರ ತಗಡಿನ ತುದಿಯಲ್ಲಿ ಎರಡೂ ಕೈ ಮೇಲೆತ್ತಿ ನಿಂತ ಇನ್ನೊಬ್ಬ ಹೆಂಗಸು. ಅವಳದೂ ಹಳದಿ ಸೀರೆ.

“ಅಕ್ಕ ತಂಗಿ ಇರಬೇಕ್ರಿ ಸರ್. ಒಂದ ಥರದ ಸೀರಿ ಉಟ್ಕೊಂಡಾರ” ಅಂದೆ.

“ಎಷ್ಟ ಮಂದಿ?”

“ನಾಕು.”

ಮುಲ್ಲಾ ಸರ್ ನಾಲ್ಕು ಎಂದು ಬರೆದು ಕಳಿಸಿದರು.

ಬೋಟಿನವರು ನಾಲ್ಕು ಜನ. ಅವರ ಮುಖ್ಯಸ್ಥರನ್ನು ಎಲ್ಲರೂ ನಾಯಿಕ ಸಾಹೇಬ್ರು ಎನ್ನುತ್ತಿದ್ದರು. ನಾಲ್ಕು ಮನೆಗಳವರನ್ನು ಒಂದೊಂದಾಗಿ ದಂಡೆಗೆ ತಂದರು. ಪ್ರತಿ ಸಲ ನಮ್ಮ ಮನೆಯವರು ಫೋನ್ ಮಾಡಿ “ಅಲ್ಲೆ ಇದ್ರು, ನೀವ ಹೇಳಿದಷ್ಟ ಮಂದಿ” ಎಂದು ಹೇಳುತ್ತಿದ್ದರು. ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು, ಸುಳ್ಳು ಯಾಕೆ ಹೇಳಲಿ? ಒಲೆ ಆರಿಸಿ ಬಂದ ಹೆಂಗಸು ನಾನು, ಇಲ್ಲಿ ಕೂತು ಹೊಳೆಯ ನಡುವೆ ಬೋಟು ಓಡಿಸುತ್ತಿದ್ದೇನೆ ಅನ್ನಿಸಿತ್ತು.

ಮೂರು ಗಂಟೆಯ ಸುಮಾರಿಗೆ ಐದನೆಯ ಫೋನು ಬಂತು.

“ಶೈಲಾ, ಮೂರ ಮಂದಿ ಬಂದಾರ. ನೀ ನಾಕ ಅಂದಿದ್ದಿ.”

“ನಾಕ ಅದಾರ್ರೀ. ಶೆಡ್ಡಿನ ಮ್ಯಾಲ ಒಬ್ಬಾಕಿ ಅದಾಳ, ನೋಡ್ರಿ.”

ನಾಯಿಕ ಸಾಹೇಬರು ಫೋನ್ ಇಸಿದುಕೊಂಡರು. ಹಿಂದೆ ಗಾಳಿಯ ಸದ್ದು, ಯಾರೋ ಅಳುತ್ತಿದ್ದ ಸದ್ದು. “ಅಕ್ಕಾರ, ಆ ಶೆಡ್ಡಿನ ಅರ್ಧ ತಗಡ ನೀರಿನ ಪಾಲಾಗೇತ್ರಿ. ನಾವ ಹೋದಾಗ ಅದರ ಮ್ಯಾಲ ಯಾರೂ ಇರಲಿಲ್ಲ. ನೀವು ಖರೇನ ನೋಡೀರಿ?”

ಪರದೆ ನೋಡಿದೆ. ಹಳದಿ ಸೀರೆ, ಮೇಲೆತ್ತಿದ ಎರಡು ಕೈ. ಇಷ್ಟು ಸ್ಪಷ್ಟವಾಗಿ ಕಾಣುತ್ತಿರುವಾಗ ಬೇರೆ ಏನು ಹೇಳಲಿ?

“ಖರೇನ ನೋಡೇನ್ರಿ ಸರ್. ಹಳದಿ ಸೀರಿ ಉಟ್ಟಾಳ, ಕಣ್ಣ ಮುಂದ ಕಾಣಾಕತ್ತಾಳ.”

ಅವರು ಆ ಮನೆಯ ಯಜಮಾನ ಸಿದ್ದಪ್ಪನನ್ನು ಕೇಳಿದ್ದು ನನಗೂ ಕೇಳಿಸಿತು. ಅವನ ದನಿ ನಡುಗುತ್ತಿತ್ತು. “ಮನ್ಯಾಗ ನಾವು ಮೂರ ಮಂದಿರಿ ಸಾಹೇಬ್ರ. ನಾ, ನಮ್ಮವ್ವ, ನನ್ನ ಹೇಂತಿ.” ಆಮೇಲೆ ಅವನೇ ಗೊಂದಲಕ್ಕೆ ಬಿದ್ದ. “ಟ್ಯಾಂಕಿನ ಹಿಂದ ಶೆಡ್ಡ ನಮಗ ಕಾಣಂಗಿಲ್ರಿ. ಬಾಜೂ ತೋಟದವರು ಯಾರರ ಈಸಿ ಬಂದ ಹತ್ತಿದ್ರೋ ಏನೋ. ಗೊತ್ತಿಲ್ರಿ.”

ಆಮೇಲೆ ನಾಯಿಕ ಸಾಹೇಬರು ತಮ್ಮವರಿಗೆ ಹೇಳಿದ್ದು ಕೇಳಿಸಿತು. “ತಗಡಿನ ಕೂಡ ಹರಕೊಂಡ ಹೋಗ್ಯಾಳ. ನಡೀರಿ, ಕೆಳಗಿನ ಮಗ್ಗಲ ಹುಡಕೂನು.” ಫೋನು ಕಟ್ಟಾಯಿತು.

ಅವಳು ಯಾರಿರಬಹುದು ಎಂದು ತಿಳಿದರೆ ಹುಡುಕುವವರಿಗೆ ಅನುಕೂಲವಾದೀತು ಎನ್ನಿಸಿತು. ಕೂಡಿಸಿದ ನಕ್ಷೆಯಲ್ಲಿ ಮುಖ ಕಾಣುತ್ತಿರಲಿಲ್ಲ. ಡ್ರೋನ್ ತೆಗೆದ ಮೂಲ ಫೋಟೋಗಳನ್ನು ಒಂದೊಂದಾಗಿ ತೆಗೆದು ನೋಡತೊಡಗಿದೆ. ಆ ಮನೆ ಎರಡು ಸಾಲಿನ ಫೋಟೋಗಳಲ್ಲಿ ಬಂದಿತ್ತು. ಡ್ರೋನ್ ಹೋಗುವಾಗ ಒಮ್ಮೆ, ತಿರುಗಿ ಬರುವಾಗ ಒಮ್ಮೆ.

ಮೊದಲ ಸಾಲಿನ ಫೋಟೋದಲ್ಲಿ ಟ್ಯಾಂಕಿನ ಪಕ್ಕ ಹಳದಿ ಸೀರೆಯವಳಿದ್ದಳು. ಶೆಡ್ಡಿನ ಮೇಲೆ ಯಾರೂ ಇರಲಿಲ್ಲ. ಮುಂದಿನ ಸಾಲಿನದು ತೆಗೆದೆ. ಶೆಡ್ಡಿನ ಮೇಲೆ ಹಳದಿ ಸೀರೆ ಇತ್ತು. ಟ್ಯಾಂಕಿನ ಪಕ್ಕ ಯಾರೂ ಇರಲಿಲ್ಲ.

ಮತ್ತೆ ಮೊದಲನೆಯದಕ್ಕೆ ಹೋದೆ. ಮತ್ತೆ ಎರಡನೆಯದಕ್ಕೆ ಬಂದೆ. ಎರಡರ ನಡುವೆ ಮೂರು ನಾಲ್ಕು ನಿಮಿಷದ ಅಂತರ. ಅಷ್ಟರಲ್ಲಿ ಒಬ್ಬಳೇ ಹೆಂಗಸು ಅಲ್ಲಿಂದ ಇಲ್ಲಿಗೆ ಬಂದಿದ್ದಳು. ಸ್ಲ್ಯಾಬನ್ನು ಒಂದು ಫೋಟೋದಿಂದ, ಶೆಡ್ಡನ್ನು ಇನ್ನೊಂದು ಫೋಟೋದಿಂದ ತೆಗೆದುಕೊಂಡು ಕೂಡಿಸಿದ್ದಕ್ಕೆ ಅವಳು ಎರಡೂ ಕಡೆ ಉಳಿದುಬಿಟ್ಟಿದ್ದಳು. ಹತ್ತು ವರ್ಷದಿಂದ ಫೋಟೋ ಕತ್ತರಿಸಿ ಅಂಟಿಸುತ್ತಾ ಬಂದ ನನಗೆ ಇದು ಮೊದಲ ನೋಟಕ್ಕೇ ಹೊಳೆಯಬೇಕಿತ್ತು.

“ಸರ್, ನಾಕಲ್ರಿ. ಮೂರ ಮಂದಿ” ಅಂದೆ.

ಮುಲ್ಲಾ ಸರ್ ಎದ್ದು ಬಂದು ಎರಡೂ ಫೋಟೋ ನೋಡಿದರು. ತಕ್ಷಣ ನಾಯಿಕ ಸಾಹೇಬರ ನಂಬರಿಗೆ ಫೋನ್ ಹಚ್ಚಿದರು. ನಾಟ್ ರೀಚೆಬಲ್. ನಾನು ನಮ್ಮ ಮನೆಯವರಿಗೆ ಮಾಡಿದೆ. ಅವರು ಎತ್ತಿದರು. “ಬೋಟ ಹೋಗಿ ಆತು. ತಿರುವಿನ್ಯಾಗ ಕಾಣವಲ್ದು ಈಗ. ನೀರ ಇನ್ನೂ ಏರಾಕತ್ತೈತಿ” ಎಂದರು. ನಾನು ಹೇಳಿದ್ದನ್ನು ಕೇಳಿ, “ಕೂಗಿದರೂ ಕೇಳಂಗಿಲ್ಲ ಶೈಲಾ” ಅಂದರು.

ಅಲ್ಲಿಂದ ಮುಂದಿನ ಒಂದೂವರೆ ಗಂಟೆಯನ್ನು ಹೇಗೆ ಕಳೆದೆ ಎಂದು ಈಗಲೂ ಸರಿಯಾಗಿ ಹೇಳಲಾರೆ. ಮುಲ್ಲಾ ಸರ್ ಐದೈದು ನಿಮಿಷಕ್ಕೆ ಫೋನ್ ಹಚ್ಚುತ್ತಿದ್ದರು. ನಾನು ಆ ಎರಡು ಫೋಟೋಗಳನ್ನು ತಿರುಗಿ ತಿರುಗಿ ನೋಡುತ್ತಿದ್ದೆ. ನೋಡುತ್ತಾ ನೋಡುತ್ತಾ ಅದರ ಮೇಲೂ ಸಂಶಯ ಬಂತು. ನಿಜವಾಗಿಯೂ ಇಬ್ಬರಿದ್ದು, ಒಬ್ಬಳು ಟ್ಯಾಂಕಿನ ಮರೆಗೆ ಹೋಗಿದ್ದರೆ? ಈಗ ಮೂರು ಎಂದು ಹೇಳಿ ಅದೂ ತಪ್ಪಾದರೆ? ಬೋಟಿನಲ್ಲಿದ್ದ ನಾಲ್ವರ ಮುಖವನ್ನು ನಾನು ನೋಡಿರಲಿಲ್ಲ, ಹೆಸರು ಗೊತ್ತಿರಲಿಲ್ಲ. ಅವರ ಮನೆಯಲ್ಲೂ ಪಂಚಮಿಯ ತಯಾರಿ ನಡೆದಿರಬಹುದು. ಇಲ್ಲದ ಒಬ್ಬಳಿಗಾಗಿ ಇರುವ ನಾಲ್ವರನ್ನು ನೀರಿಗೆ ಕಳಿಸಿದ್ದೆ. ‘ಖರೇನ ನೋಡೇನ್ರಿ’ ಎಂಬ ನನ್ನದೇ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು.

“ತಪ್ಪ ನಂದೂ ಐತಿ ಅಕ್ಕಾರ. ನಾ ಒಂದ ಸಲ ನೋಡಬೇಕಿತ್ತು” ಎಂದರು ಮುಲ್ಲಾ ಸರ್. ನನಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ.

ಐದು ಗಂಟೆಯ ಹೊತ್ತಿಗೆ ಫೋನ್ ಬಂತು. ನಮ್ಮ ಮನೆಯವರ ದನಿ ಎಷ್ಟು ಜೋರಾಗಿತ್ತೆಂದರೆ ಮುಲ್ಲಾ ಸರ್‌ಗೂ ಕೇಳಿಸಿತು. “ಶೈಲಾ, ಸಿಕ್ಕಾರು!”

“ಬೋಟ ಸಿಕ್ತೇನ್ರಿ?”

“ಬೋಟ ಬಂತು. ನಾಕನೇದವರೂ ಸಿಕ್ಕಾರು!”

“ಯಾರ ನಾಕನೇದವರು? ಹಳದಿ ಸೀರಿಯಾಕಿ?”

“ಸೀರಿ ಎಲ್ಲಿದ ತಂದಿ? ಗಂಡಸು. ಧೋತರ ಉಟ್ಟಾನ. ಅರವತ್ತರ ಮ್ಯಾಲ ವಯಸ್ಸು.”

ನಾನು ಮುಲ್ಲಾ ಸರ್ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಯಾವ ಫೋಟೋದಲ್ಲೂ ಧೋತರದ ಗಂಡಸು ಇರಲಿಲ್ಲ.

ಕಂಪ್ಯೂಟರ್ ಆರಿಸಿ ಅವರ ಬೈಕಿನಲ್ಲಿ ಹೊಳೆಯ ಕಡೆ ಹೋದೆವು. ತೋಟಗಳಿಂದ ತಂದವರನ್ನೆಲ್ಲ ಒಂದು ಸರ್ಕಾರಿ ಸಾಲೆಯಲ್ಲಿ ಇಟ್ಟಿದ್ದರು. ವರಾಂಡದಲ್ಲಿ ಕಂಬಳಿ ಹೊದ್ದು ಒಬ್ಬ ಹಿರಿಯರು ಕೂತಿದ್ದರು. ಬಾಳಪ್ಪ ಅಂತ ಅವರ ಹೆಸರು. ಹಿಂದಿನ ದಿನ ಮಧ್ಯಾಹ್ನ, ಹತ್ತರಗಿ ಹತ್ತಿರದ ಊರಿಗೆ ಕೊಟ್ಟ ಮಗಳನ್ನು ಪಂಚಮಿಗೆ ಕರೆತರುತ್ತೇನೆ ಎಂದು ಹೇಳಿ ಮನೆಯಿಂದ ಹೊರಟಿದ್ದರು. ಹೋಗುವ ಹಾದಿಯಲ್ಲಿ ಹೊಳೆದಂಡೆಯ ಪಂಪಿನ ಮೋಟಾರು ಎತ್ತಿಟ್ಟು ಹೋಗೋಣ ಎಂದು ಇಳಿದಿದ್ದಾರೆ. ನೀರು ಸುತ್ತಿಕೊಂಡಿದೆ. ಪಂಪಿನ ಖೋಲಿಯ ಮೇಲೆ ಹತ್ತಿ, ಅದಕ್ಕೆ ಬಾಗಿದ್ದ ಹುಣಸೆ ಗಿಡದ ಟೊಂಗೆ ಹಿಡಿದು ಆ ರಾತ್ರಿ, ಮರುದಿನ ಇಡೀ ನಿಂತಿದ್ದಾರೆ. ಮೊಬೈಲು ನೀರಿಗೆ ಬಿದ್ದಿತ್ತು. ಮನೆಯವರು ಅವರು ಮಗಳ ಊರಲ್ಲಿದ್ದಾರೆ, ಹಾದಿ ಬಂದ್ ಆಗಿದ್ದಕ್ಕೆ ಅಲ್ಲೇ ಉಳಿದಿದ್ದಾರೆ ಎಂದುಕೊಂಡಿದ್ದರು. ಮಗಳು, ಅಪ್ಪ ಹೊರಟೇ ಇಲ್ಲ ಎಂದುಕೊಂಡಿದ್ದಳು. ಎರಡೂ ಕಡೆ ಫೋನ್ ಹತ್ತುತ್ತಿರಲಿಲ್ಲ. ಹಾಗಾಗಿ ಅವರು ಕಾಣೆಯಾಗಿದ್ದಾರೆ ಎಂದು ಜಗತ್ತಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಬೋಟಿನವರು ಹಳದಿ ಸೀರೆ ಹುಡುಕುತ್ತಾ ಕೆಳಗಿನ ತಿರುವಿನವರೆಗೆ ಹೋಗಿ, ಕೂಗಿ ಕೂಗಿ ಸಾಕಾಗಿ ಮರಳುವಾಗ, ಆ ಹುಣಸೆಯ ಒಳಗಿನಿಂದ ಒಂದು ದನಿ ಕೇಳಿತಂತೆ.

ಸಾಲೆಯ ಒಳಗೆ ಸಿದ್ದಪ್ಪನ ಹೆಂಡತಿ ಲಕ್ಷ್ಮಿ, ಮೂರ್ಛೆ ಹೋಗಿದ್ದ ಅತ್ತೆಯ ಕಾಲು ತಿಕ್ಕುತ್ತಾ ಕೂತಿದ್ದಳು. ಬೋಟಿನಲ್ಲಿ ಮಳೆಗೆಂದು ಮೈತುಂಬ ಹೊದ್ದಿದ್ದ ತಾಡಪತ್ರಿ ಈಗ ಜಾರಿತ್ತು. ಒಳಗೆ ಹಳದಿ ಸೀರೆ. ನಾನು ಹೋಗಿ ಪಕ್ಕದಲ್ಲಿ ಕೂತು ಕೇಳಿದೆ, “ತಂಗಿ, ಮುಂಜಾನೆ ಡ್ರೋನ್ ಬಂದಾಗ ನೀ ಶೆಡ್ಡಿನ ಮ್ಯಾಲ ಹೋಗಿದ್ದೇನು?”

“ಹೌದ್ರೀ ಅಕ್ಕಾ. ಟ್ಯಾಂಕಿನ ಬಾಜೂ ನಿಂತ್ರ ಕಾಣಂಗಿಲ್ಲೋ ಏನೋ ಅಂತ ಓಡಿ ಹೋಗಿ ಕೈ ಮಾಡಿದ್ನಿ. ತಗಡ ಅಳ್ಳಾಡಾಕತ್ತು, ಹೊಳ್ಳಿ ಬಂದ್ನಿ.”

“ಆಗ ದಂಡಿ ಮ್ಯಾಲ ಸಾಹೇಬ್ರು ಕೇಳಿದಾಗ ಯಾಕ ಹೇಳಲಿಲ್ಲ?”

“ನನ್ನ ಯಾರ ಕೇಳಿದ್ರು? ಅತ್ತಿ ಕಣ್ಣ ಮ್ಯಾಲ ಮಾಡಿದ್ರು, ನಾ ಅವರ ಕೂಡ ಗಾಡ್ಯಾಗ ಇದ್ನಿ.”

ಖರೆ. ಅವಳನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿಸಿರಲಿಲ್ಲ.

ನಾಯಿಕ ಸಾಹೇಬರು ಹೊರಗೆ ಗೋಡೆಗೆ ಒರಗಿ ಕೂತಿದ್ದರು. ಬಲ ಅಂಗೈಗೆ ಬಟ್ಟೆ ಸುತ್ತಿದ್ದರು. ನೀರಿನ ಕೆಳಗಿದ್ದ ಬೇಲಿಯ ತಂತಿಗೆ ಬೋಟು ಸಿಕ್ಕು, ಬಿಡಿಸುವಾಗ ಅಂಗೈ ಹರಿದಿತ್ತಂತೆ. ನನ್ನನ್ನು ನೋಡಿದ್ದೇ ಎದ್ದು ನಿಂತು, “ಭಾರಿ ಕಣ್ಣ ನಿಮ್ಮವು ಅಕ್ಕಾರ” ಎಂದರು.

ಹೇಳಲೇಬೇಕಾಯಿತು. ಎರಡು ಫೋಟೋದ ವಿಷಯ, ಲಕ್ಷ್ಮಿ ಹೇಳಿದ ಮಾತು, ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು.

“ಅಂದ್ರ ನಾವು ಇಲ್ಲದಾಕಿನ್ನ ಹುಡಕಾಕ ಹೋಗಿದ್ವಿ?”

“ಹೌದ್ರಿ.”

ಬಾಳಪ್ಪನವರ ಕಡೆ ನೋಡಿದರು, ಮತ್ತೆ ನನ್ನ ಕಡೆ. ನಗುತ್ತಾರೋ ಬೈಯುತ್ತಾರೋ ತಿಳಿಯಲಿಲ್ಲ. ಬಹುಶಃ ಅವರಿಗೂ ತಿಳಿಯಲಿಲ್ಲ. ಕೊನೆಗೆ ಮೆಲ್ಲಗೆ ಹೇಳಿದರು, “ಬೋಟ ಎರಡ ಸಲ ಮಗಚೂದ ತಪ್ಪೈತಿ. ನಮ್ಮ ಪೈಕಿ ಒಬ್ಬಾಂವ ನೀರಿಗಿ ಬಿದ್ದಿದ್ದ, ಕಾಲರ್ ಹಿಡದ ಎಳದೇವಿ. ಮುದುಕಪ್ಪ ಉಳದದ್ದ ನೆನಪಿಟ್ಕೊಳ್ರಿ. ಇದನ್ನೂ ನೆನಪಿಟ್ಕೊಳ್ರಿ.”

ಆ ವರ್ಷದ ಸ್ವಾತಂತ್ರ್ಯ ದಿನದಂದು ನನ್ನನ್ನೂ ನಮ್ಮ ಮನೆಯವರನ್ನೂ ವೇದಿಕೆಗೆ ಕರೆದು ಶಾಲು ಹೊದಿಸಿದರು. ‘ಸೂಕ್ಷ್ಮ ದೃಷ್ಟಿಯಿಂದ ನಾಲ್ಕನೆಯ ಜೀವವನ್ನು ಪತ್ತೆಹಚ್ಚಿದ ದಂಪತಿ’ ಎಂದು ಮೈಕಿನಲ್ಲಿ ಹೇಳಿದರು. ಹಾಗಲ್ಲ ಎಂದು ಮೊದಲೇ ತಾಲೂಕು ಕಚೇರಿಗೆ ಹೋಗಿ ಹೇಳಿದ್ದೆ. “ಇರ್ಲಿ ಬಿಡ್ರಿ, ನೀವು ಭಾಳ ಸಂಕೋಚದವರು” ಎಂದು ನಕ್ಕಿದ್ದರು. ವೇದಿಕೆಯ ಮೇಲೆ ನಿಂತಾಗ ಕೆಳಗೆ ಮುಂದಿನ ಸಾಲಿನಲ್ಲಿ ಮುಲ್ಲಾ ಸರ್ ಚಪ್ಪಾಳೆ ತಟ್ಟುತ್ತಿದ್ದರು, ಆದರೆ ಕಣ್ಣು ನೆಲದ ಕಡೆ ಇತ್ತು. ಆ ಶಾಲನ್ನು ಮನೆಗೆ ತಂದು ಎಲ್ಲಿಡಬೇಕೆಂದು ತಿಳಿಯದೆ ಎರಡು ದಿನ ಕುರ್ಚಿಯ ಮೇಲೆಯೇ ಬಿಟ್ಟಿದ್ದೆ.

ನೀರಿಳಿದು ತಿಂಗಳಾದ ಮೇಲೆ ಬಾಳಪ್ಪನವರು ಮಗಳು ಸುನಂದಾಳ ಜೊತೆ ಸ್ಟುಡಿಯೋಕ್ಕೆ ಬಂದರು. ಗೋಕಾಕದಲ್ಲಿ ಡಾಕ್ಟರಿಗೆ ತೋರಿಸಿ, ನನ್ನನ್ನು ನೋಡಿಯೇ ಹೋಗಬೇಕು ಎಂದು ಹಟ ಮಾಡಿ ಬಂದಿದ್ದರಂತೆ. ಕೈಮುಗಿಯಲು ಬಂದಾಗ ನನಗೆ ತಡೆಯಲಾಗಲಿಲ್ಲ.

“ಕಾಕಾ, ಕೈ ಮುಗೀಬ್ಯಾಡ್ರಿ. ಖರೆ ಹೇಳ್ತೇನಿ. ನಾ ನಿಮ್ಮನ್ನ ನೋಡಿರಲೇ ಇಲ್ಲ.”

ಕಂಪ್ಯೂಟರಿನಲ್ಲಿ ನಕ್ಷೆ ತೆಗೆದು ತೋರಿಸಿದೆ. ಅವರು ಪರದೆಗೆ ಮುಖ ಹತ್ತಿಸಿ ಬಹಳ ಹೊತ್ತು ನೋಡಿದರು. ಹೊಳೆಯ ದಂಡೆಗುಂಟ ಬೆರಳು ಆಡಿಸಿ ಒಂದು ಹಸಿರು ಗುಡ್ಡೆಯ ಮೇಲೆ ನಿಲ್ಲಿಸಿದರು.

“ಇದ ನಮ್ಮ ಹುಣಚಿ ಗಿಡ. ಇದರ ಕೆಳಗ ನಾ ಇದ್ನಿ.”

“ಹೌದ್ರಿ. ಆದ್ರ ಎಲಿ ಬಿಟ್ರ ಏನೂ ಕಾಣಂಗಿಲ್ಲ, ನೋಡ್ರಿ.”

“ನಂಗ ನಿಮ್ಮ ಡ್ರೋನ್ ಕಂಡಿತ್ತವಾ” ಎಂದರು. “ಎಲಿ ಸಂದಿನ್ಯಾಗ. ಗುಂಯ್ ಅಂತ ಬಂತು. ತಲಿ ಮ್ಯಾಲಿನ ಪಟಗಾ ಬಿಚ್ಚಿ ಬೀಸಿದ್ನಿ. ಅದು ಹಂಗ ಹೋತು, ಮತ್ತ ಹೊಳ್ಳಿ ಬಂತು. ನನ್ನ ನೋಡೈತಿ, ಯಾರರ ಬರ್ತಾರ ಅಂತ ತಿಳಕೊಂಡ್ನಿ. ಅಷ್ಟೊತ್ತಿಗಿ ಕೈ ಸೋತ ಹೋಗಿದ್ದವು. ಬಿಟ್ಟ ಬಿಡೂನು ಅಂತ ಮನಸ ಮಾಡಿದ್ನಿ. ಅದು ಬಂದ ಮ್ಯಾಲ ಬಿಡಲಿಲ್ಲ.”

ಸುನಂದಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಾನು ಮತ್ತೆ ಮೊದಲಿನಿಂದ ಹೇಳಿದೆ. ಎರಡು ಫೋಟೋ, ಓಡಿ ಹೋದ ಲಕ್ಷ್ಮಿ, ತಪ್ಪಾಗಿ ಬರೆದ ನಾಲ್ಕು. ಅವರು ತಾಳ್ಮೆಯಿಂದ ಕೇಳಿದರು. ಎಲ್ಲ ಮುಗಿದ ಮೇಲೆ ಕೇಳಿದರು, “ಅದೆಲ್ಲಾ ಇರ್ಲಿ ತಂಗಿ. ನನ್ನ ನೋಡದ ಅವರು ಹೆಂಗ ಬಂದ್ರ ಹಂಗಾರ?”

ನಾನು ಜಾಗರೂಕಳಾಗಿದ್ದು ಮೂರು ಎಂದು ಸರಿಯಾಗಿ ಬರೆದಿದ್ದರೆ ಈ ಮನುಷ್ಯ ನನ್ನೆದುರು ಕೂತಿರುತ್ತಿರಲಿಲ್ಲ. ಆ ಬೇಲಿಯ ತಂತಿ ಬಿಡಿಸಲು ಬಾರದೆ ಹೋಗಿದ್ದರೆ ನಾಯಿಕ ಸಾಹೇಬರ ಬೋಟು ಮರಳುತ್ತಿರಲಿಲ್ಲ. ಮೊದಲನೆಯದನ್ನು ನೆನೆದಾಗ ಸಂತೋಷವಾಗುತ್ತದೆ, ಕೂಡಲೇ ಎರಡನೆಯದು ನೆನಪಾಗುತ್ತದೆ. ಎರಡನ್ನೂ ಒಂದೇ ಕಡೆ ಇಟ್ಟು ನೋಡಲು ನನಗೆ ಬರುವುದಿಲ್ಲ.

ಕಳೆದ ಮಳೆಗಾಲದಲ್ಲಿ ಹೊಳೆ ಮತ್ತೆ ದಂಡೆ ಮುಟ್ಟಿದಾಗ ನಮ್ಮನ್ನು ಮತ್ತೆ ಕರೆದರು. ಈ ಸಲ ಪ್ರತಿಯೊಬ್ಬರನ್ನೂ ಮೂಲ ಫೋಟೋದಲ್ಲಿ ಹುಡುಕಿ ನೋಡಿಯೇ ಚುಕ್ಕೆ ಇಟ್ಟೆ. ಆಮೇಲೆ ಹೊಳೆದಂಡೆಯ ಗಿಡಗಳ ಮೇಲೆಲ್ಲ ಬೂದು ಬಣ್ಣ ಹಚ್ಚುತ್ತಾ ಹೋದೆ.

“ಇದೇನ್ರಿ ಅಕ್ಕಾರ?” ಎಂದರು ಮುಲ್ಲಾ ಸರ್.

“ಇಲ್ಲೆ ನಮಗ ಏನೂ ಕಾಣಂಗಿಲ್ಲ ಅಂತ ಬೋಟಿನವರಿಗಿ ಗೊತ್ತಾಗ್ಲಿ, ಸರ್.”

“ಮತ್ತ ಮಂದಿ ಎಷ್ಟ ಅಂತ ಬರೀಲಿ? ಸೊನ್ನಿ ಹಾಕ್ಲ್ಯಾ?”

“ಸೊನ್ನಿ ಬ್ಯಾಡ್ರಿ. ಖಾಲಿ ಬಿಡ್ರಿ.”

ಅವರು ಖಾಲಿ ಬಿಟ್ಟು ಕಳಿಸಿದರು. ಎರಡು ತಾಸಿನ ನಂತರ ನಾಯಿಕ ಸಾಹೇಬರ ಫೋನು ಬಂತು. “ಬೂದ ಬಣ್ಣದ ಗಿಡಕ್ಕೆಲ್ಲಾ ಹೋಗಿ, ಒಂದೊಂದರ ಕೆಳಗೂ ಕೂಗಿ ಬಂದೇವಿ ಅಕ್ಕಾರ. ಯಾರೂ ಇಲ್ಲ.”

ಆಮೇಲೆ ನಾನು ಸೊನ್ನೆ ಬರೆದೆ.